ಆರಿದ್ರೆ ಮಳೆಯ ಕವಿತೆ ಮತ್ತು ಉಳಿದವು

ಪ್ರಿಯರೇ,

‘ಋತುಚಕ್ರ’ ಎಂಬ ಹೆಸರಿನಲ್ಲಿ ನೀವು ಕಳಿಸಿದ ಕಿರುಗವಿತೆಗಳನ್ನು ಎರಡು ಸಲ ಓದಿದೆ. ಒಂದನ್ನು ಬಿಟ್ಟು ಉಳಿದವನ್ನು ಪ್ರಕಟಿಸಲಾರೆವು. ಯಾಕೆಂದು ಬಿಡಿಸಿ ಹೇಳುವುದು ನನ್ನ ಕರ್ತವ್ಯ.

ನಿಮ್ಮ ಗ್ರೀಷ್ಮದಲ್ಲಿ ನೆಲ ಬಾಯಿಬಿಟ್ಟಿದೆ. ಪಂಚಾಂಗದ ಗ್ರೀಷ್ಮವೆಂದರೆ ಜ್ಯೇಷ್ಠ, ಆಷಾಢ. ನೀವು ತೀರ್ಥಹಳ್ಳಿ ಕಡೆಯವರು. ಆಷಾಢದಲ್ಲಿ ನಿಮ್ಮ ಅಂಗಳ ಪಾಚಿಗಟ್ಟಿ ಜಾರುತ್ತಿರುತ್ತದೆ. ನಿಮ್ಮ ಶರತ್ತಿನಲ್ಲಿ ಹಣ್ಣೆಲೆ ಉದುರುತ್ತದೆ. ಅದು ಇಂಗ್ಲಿಷ್ ಪದ್ಯಗಳ ಶರತ್ತು. ನಮ್ಮಲ್ಲಿ ಆಗ ಕಾಡು ಹಸಿರಾಗಿಯೇ ಇರುತ್ತದೆ, ಗದ್ದೆಯಲ್ಲಿ ಭತ್ತ ತೆನೆ ಬಿಟ್ಟಿರುತ್ತದೆ. ಮರಗಳು ಎಲೆ ಕಳಚುವುದು ಶಿಶಿರದಲ್ಲಿ. ‘ಹಸಿರು ಸೀರೆಯುಟ್ಟ ಭೂರಮೆ’ಯಂತೂ ವಾರಕ್ಕೆ ನಾಲ್ಕಾರು ಹಸ್ತಪ್ರತಿಗಳಲ್ಲಿ ಬರುತ್ತಾಳೆ.

ಈಗ ಆ ಒಂದು ಕವಿತೆ:

ಆರಿದ್ರೆ ಮಳೆ.
ಒಲೆಯ ಮೇಲೆ ಕಂಬಳಿಕೊಪ್ಪೆ,
ಪಕ್ಕದಲ್ಲಿ ಮಗಳ ಯೂನಿಫಾರಂ;
ಎರಡೂ ಒಣಗಿಲ್ಲ, ಬೆಳಗಾಯಿತು.
ಆಹಾ, ಪ್ರಕೃತಿಯ ಲೀಲೆಯೇ!

ಮೊದಲ ನಾಲ್ಕು ಸಾಲು ಓದಿ ತುಂಬಾ ಸಂತೋಷಪಟ್ಟೆ. ಮಳೆಗೆ ಕೊಪ್ಪೆ ಹೊದ್ದು ಗದ್ದೆಗೆ ಹೋಗುವವರು, ಶಾಲೆಗೆ ಹೋಗುವವಳು, ರಾತ್ರಿಯಿಡೀ ಬಿಡದ ಮಳೆ, ಎಲ್ಲ ಅಲ್ಲಿದೆ. ಐದನೆಯ ಸಾಲು ಓದುಗನ ಕೈಯಿಂದ ಅದನ್ನೆಲ್ಲ ಕಿತ್ತುಕೊಳ್ಳುತ್ತದೆ.

ಜಪಾನಿನ ಹೈಕುಗಳಲ್ಲಿ ಋತುವನ್ನು ಸೂಚಿಸುವ ಒಂದು ಪದವಿರಬೇಕೆಂಬುದು ಹಳೆಯ ರೂಢಿ; ಅದನ್ನು ಕಿಗೊ ಎನ್ನುತ್ತಾರೆ. ಆ ಪದವಿದ್ದರೆ ವರ್ಣನೆಯ ಹೊರೆ ಇಳಿಯುತ್ತದೆ. ನಮ್ಮ ರೈತರ ಬಾಯಲ್ಲಿ ಆರಿದ್ರೆಯಂಥ ಮಳೆನಕ್ಷತ್ರಗಳೇ ಇವೆ, ಒಂದೊಂದಕ್ಕೂ 13–14 ದಿನ. ರೋಹಿಣಿ ಎಂದರೆ ಬಿತ್ತನೆಯ ಆತುರ; ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆಯಲ್ಲಿ ತುಂಬಿದ ಹೊಳೆಯ ಭಯವೂ ಇದೆ. ಆರು ಋತುಗಳಿಗಿಂತ ಇವು ನಿಮ್ಮ ಊರಿಗೆ ಹತ್ತಿರ. ಅಡಿಕೆಗೆ ಕೊಳೆರೋಗ ಬರುವ ಮುನ್ನ ಮದ್ದು ಹೊಡೆಯಬೇಕು, ಒಂದು ದಿನ ಮಳೆ ಬಿಟ್ಟು ಹೊಳವಾದರೆ ಸಾಕೆಂದು ಆಕಾಶ ನೋಡುತ್ತಾ ಕೂತ ಮನೆಯವರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಕಳಲೆ ಇಲ್ಲ, ಹೊಸ ನೀರಿಗೆ ಹೊಳೆಯಿಂದ ಹತ್ತಿ ಬರುವ ಹತ್ತುಮೀನು ಇಲ್ಲ. ನಿಮಗೆ ಇವೆಲ್ಲ ಗೊತ್ತು. ಕಂಬಳಿಕೊಪ್ಪೆ ಕಂಡವರಿಗೆ ಗೊತ್ತಿಲ್ಲದಿರಲು ಸಾಧ್ಯವಿಲ್ಲ.

ಛಂದಸ್ಸಿನ ಬಗ್ಗೆ ಸದ್ಯ ಚಿಂತೆ ಬೇಡ. ಪ್ರಾಸಕ್ಕಾಗಿ ‘ಇಳೆ’ಯನ್ನು ಕರೆತರುವುದನ್ನು ಮಾತ್ರ ನಿಲ್ಲಿಸಿ.

ಐದನೆಯ ಸಾಲು ತೆಗೆದು ಆರಿದ್ರೆ ಕವಿತೆಯನ್ನು ಮುಂದಿನ ಸಂಚಿಕೆಗೆ ಇಟ್ಟುಕೊಳ್ಳಲು ನಿಮ್ಮ ಒಪ್ಪಿಗೆ ಬೇಕು. ಪುನರ್ವಸು, ಪುಷ್ಯ ಮಳೆಗಳ ಮೇಲೆ ಬರೆದರೆ ನನಗೇ ನೇರವಾಗಿ ಕಳಿಸಿ.

ವಿಶ್ವಾಸದಿಂದ,
ಸಂಪಾದಕ