ತೆಂಗಿನ ಚಿಪ್ಪಿನ ಕಾರ್ಬನ್: ಸೂಪರ್‌ಕೆಪಾಸಿಟರ್‌ಗೂ ಡೋಪಮಿನ್ ಸೆನ್ಸರ್‌ಗೂ ಒಂದೇ ಸ್ಯಾಂಪಲ್ ಆಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎಂಎಸ್ಸಿ ಪ್ರಾಜೆಕ್ಟ್‌ಗೆ ತೆಂಗಿನ ಚಿಪ್ಪು ಸುಟ್ಟು ಆಕ್ಟಿವೇಟೆಡ್ ಕಾರ್ಬನ್ (ತುಂಬಾ ಸಣ್ಣ ಸಣ್ಣ ರಂಧ್ರಗಳಿರುವ ಇದ್ದಿಲು) ಮಾಡಿದ್ದೀರಿ. ಅದರ ಮೇಲೆ ಮ್ಯಾಂಗನೀಸ್ ಡೈಆಕ್ಸೈಡ್ ಕೂರಿಸಿದ್ದೀರಿ. ಸೂಪರ್‌ಕೆಪಾಸಿಟರ್‌ನಲ್ಲಿ (ಬೇಗ ಚಾರ್ಜ್ ತುಂಬಿಕೊಂಡು ಬೇಗ ಬಿಡುವ ಸಾಧನ) ಚೆನ್ನಾಗಿ ಬಂದಿದೆ, ಸೆನ್ಸರ್‌ನಲ್ಲಿ ಡೋಪಮಿನ್‌ಗೆ (ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕ) ಮಾತ್ರ ಪೀಕ್, ಅಂದರೆ ಗ್ರಾಫ್‌ನಲ್ಲಿ ಕರೆಂಟಿನ ಏರಿಕೆ, ಕಾಣುತ್ತಿಲ್ಲ. ಸ್ಯಾಂಪಲ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ.

ಸ್ಯಾಂಪಲ್ ಕೆಟ್ಟಿಲ್ಲ. ನಾನೂ ಇದೇ ಜಾಗದಲ್ಲಿ ಮೂರು ವಾರ ಒದ್ದಾಡಿದ್ದೇನೆ. ಸೂಪರ್‌ಕೆಪಾಸಿಟರ್‌ಗೆ ಒಳ್ಳೆಯದಾದ ಗುಣವೇ ಸೆನ್ಸರ್‌ಗೆ ತೊಂದರೆ ಕೊಡುತ್ತಿದೆ.

ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ ಒಂದು ಗ್ರಾಂ ತೆಗೆದುಕೊಂಡರೆ ಅದರ ಒಳಮೈ ಸುಮಾರು 1500 ಚದರ ಮೀಟರ್, ಅಂದರೆ ಹದಿನೈದು ಗುಂಟೆ ಜಮೀನು. ದ್ರಾವಣದ ಅಯಾನುಗಳು ಆ ಮೈಗೆಲ್ಲ ಅಂಟಿ ನಿಲ್ಲುತ್ತವೆ. ಸೂಪರ್‌ಕೆಪಾಸಿಟರ್ ಚಾರ್ಜ್ ಹಿಡಿಯುವುದೇ ಹಾಗೆ. ಈಗ ಲೆಕ್ಕ ಹಾಕಿ ನೋಡಿ. ನಿಮ್ಮ ಕಾರ್ಬನ್ ಗ್ರಾಂಗೆ 100 ಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಅಂತಿಟ್ಟುಕೊಳ್ಳಿ. ಎಲೆಕ್ಟ್ರೋಡ್ ಮೇಲೆ 1 ಮಿಲಿಗ್ರಾಂ ಹಚ್ಚಿ, ಸೆಕೆಂಡಿಗೆ 50 ಮಿಲಿವೋಲ್ಟ್‌ನಲ್ಲಿ ಸಿವಿ (ವೋಲ್ಟೇಜ್ ಏರಿಸಿ ಇಳಿಸುತ್ತಾ ಕರೆಂಟ್ ಅಳೆಯುವ ವಿಧಾನ) ಓಡಿಸಿದರೆ, ಬರೀ ಚಾರ್ಜ್ ತುಂಬುವುದಕ್ಕೇ 5 ಮಿಲಿಆಂಪ್ ಹರಿಯುತ್ತದೆ. ಕೆಲವೇ ಮೈಕ್ರೋಮೋಲಾರ್, ಅಂದರೆ ತೀರಾ ತೆಳುವಾದ ದ್ರಾವಣದಲ್ಲಿರುವ, ಡೋಪಮಿನ್ ಕೊಡುವ ಕರೆಂಟ್ ಮೈಕ್ರೋಆಂಪ್ ಲೆಕ್ಕದ್ದು. ಸಾವಿರಾರು ಪಟ್ಟು ದೊಡ್ಡ ಕರೆಂಟಿನ ಕೆಳಗೆ ಅದು ಎಲ್ಲಿ ಕಾಣಬೇಕು, ಅಲ್ವಾ?

ಹಾಗಾಗಿ ಸೆನ್ಸರ್‌ಗೆ ಬುನಾದಿ ಬೇರೆ ಇರಲಿ. ಕಾರ್ಬನ್ ಪೇಸ್ಟ್ ಮಾಡಿ. 1958ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರಾಲ್ಫ್ ಆಡಮ್ಸ್ ತೋರಿಸಿಕೊಟ್ಟ ದಾರಿ ಇದು, ಇವತ್ತಿಗೂ ಇದಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ. ಗ್ರಾಫೈಟ್ ಪುಡಿ 70 ಪಾಲು, ಸಿಲಿಕೋನ್ ಎಣ್ಣೆ 30 ಪಾಲು. ಅಗೇಟ್ ಮಾರ್ಟರ್‌ನಲ್ಲಿ (ಪುಟ್ಟ ಕಲ್ಲಿನ ಒರಳು) ಅರ್ಧ ಗಂಟೆ ಅರೆಯಿರಿ, ಅವಸರ ಬೇಡ. ಮೊದಲು ಪುಡಿ ಉದುರು ಉದುರಾಗಿರುತ್ತದೆ. ಆಮೇಲೆ ಮಾರ್ಟರ್ ಗೋಡೆ ಬಿಟ್ಟು ಒಂದೇ ಉಂಡೆಯಾಗುತ್ತದೆ. ಟೆಫ್ಲಾನ್ ಕೊಳವೆಯ ತುದಿಗೆ ಗಾಳಿ ಉಳಿಯದಂತೆ ಒತ್ತಿ ತುಂಬಿ, ಬಿಳಿ ಹಾಳೆಯ ಮೇಲೆ ಮೆಲ್ಲಗೆ ಉಜ್ಜಿ. ಮುಖ ಪೆನ್ಸಿಲ್ ಗೀಚಿದ ಹಾಗೆ ಹೊಳೆದರೆ ಸರಿಯಾಗಿದೆ ಅಂತ. ನಿಮ್ಮ ಕಾಂಪೋಸಿಟನ್ನು (ಮ್ಯಾಂಗನೀಸ್ ಡೈಆಕ್ಸೈಡ್ ಕೂರಿಸಿದ ಆ ಕಾರ್ಬನ್) ಗ್ರಾಫೈಟ್ ಜೊತೆ ನೂರಕ್ಕೆ ನಾಲ್ಕೈದು ಪಾಲಿನಷ್ಟೇ ಸೇರಿಸಿ ಶುರು ಮಾಡಿ. ಅಳೆಯುವುದಕ್ಕೆ ಡಿಪಿವಿ (ವೋಲ್ಟೇಜನ್ನು ಸಣ್ಣ ಸಣ್ಣ ಮಿಡಿತಗಳಾಗಿ ಕೊಟ್ಟು ಕರೆಂಟ್ ಅಳೆಯುವ ವಿಧಾನ) ಬಳಸಿ. ಚಾರ್ಜ್ ತುಂಬುವ ಕರೆಂಟ್ ಇಳಿದ ಮೇಲೆ ಅದು ಓದುತ್ತದೆ, ಪೀಕ್ ಎದ್ದು ಕಾಣುತ್ತದೆ.

ಮ್ಯಾಂಗನೀಸ್ ಡೈಆಕ್ಸೈಡ್ ವಿಷಯದಲ್ಲಿ ಎಚ್ಚರ ಬೇಕು. ಸೂಪರ್‌ಕೆಪಾಸಿಟರ್‌ಗೆ ಅದು ಒಳ್ಳೆಯದೇ. ಲೆಕ್ಕದ ಪ್ರಕಾರ ಗ್ರಾಂಗೆ ಸುಮಾರು 1370 ಫ್ಯಾರಡ್ ಹಿಡಿಯಬಲ್ಲದು. ಆದರೆ ಕರೆಂಟ್ ಹರಿಯಲು ಬಿಡುವುದು ತೀರಾ ಕಡಿಮೆ, ಕಾರ್ಬನ್ ಮೇಲೆ ತೆಳ್ಳಗೆ ಕೂತರೆ ಮಾತ್ರ ಉಪಯೋಗ. ಕಾರ್ಬನ್ನನ್ನು ಪರ್ಮಾಂಗನೇಟ್ ನೀರಿನಲ್ಲಿ ಕಲಕಿದರೆ ನೇರಳೆ ಬಣ್ಣ ಹೋಗಿ ಮ್ಯಾಂಗನೀಸ್ ಡೈಆಕ್ಸೈಡ್ ತಾನೇ ಕೂರುತ್ತದೆ. ಜಾಸ್ತಿ ಹಾಕಿದರೆ ರಂಧ್ರಗಳೇ ಮುಚ್ಚಿಹೋಗುತ್ತವೆ. ಸೆನ್ಸರ್‌ನಲ್ಲಿ ಇನ್ನೊಂದು ಕಷ್ಟ ಇದೆ. ರಕ್ತದಲ್ಲಿ, ಮೂತ್ರದಲ್ಲಿ ವಿಟಮಿನ್ ಸಿ ಇದ್ದೇ ಇರುತ್ತದೆ, ಅದು ಮ್ಯಾಂಗನೀಸ್ ಡೈಆಕ್ಸೈಡನ್ನು ಕರಗಿಸುತ್ತಾ ಹೋಗುತ್ತದೆ. ಸಾಲದ್ದಕ್ಕೆ ಮಾಮೂಲಿ ಕಾರ್ಬನ್ ಮೇಲೆ ವಿಟಮಿನ್ ಸಿ ಪೀಕು ಡೋಪಮಿನ್ ಪೀಕಿನ ಹತ್ತಿರವೇ ಬಂದು ಕೂಡಿಕೊಳ್ಳುತ್ತದೆ. ಪಿಎಚ್ 7.4ರಲ್ಲಿ ಡೋಪಮಿನ್ ಪಾಸಿಟಿವ್, ವಿಟಮಿನ್ ಸಿ ನೆಗೆಟಿವ್. ಎಲೆಕ್ಟ್ರೋಡ್ ಮುಖಕ್ಕೆ ನೆಗೆಟಿವ್ ಚಾರ್ಜ್ ಬರುವ ಹಾಗೆ ಮಾಡಿದರೆ ಡೋಪಮಿನ್ ಹತ್ತಿರ ಬರುತ್ತದೆ, ಇನ್ನೊಂದು ದೂರ ನಿಲ್ಲುತ್ತದೆ. ಈ ಬಗ್ಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಬಂದ ಕಾರ್ಬನ್ ಪೇಸ್ಟ್ ಪ್ರಬಂಧಗಳನ್ನು ಹುಡುಕಿ ಓದಿ, ತುಂಬಾ ಕಲಿಯುವುದಿದೆ.

ಮೊದಲ ದಿನ ಒಂದು ಕೆಲಸ ತಪ್ಪದೆ ಮಾಡಿ. ಡೋಪಮಿನ್ ಹಾಕುವ ಮುಂಚೆ ಬರೀ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಒಂದು ಸಿವಿ ತೆಗೆದಿಡಿ. ಬರೀ ಗ್ರಾಫೈಟ್ ಪೇಸ್ಟ್‌ದೂ ಒಂದು, ಕಾಂಪೋಸಿಟ್ ಸೇರಿಸಿದ್ದೂ ಒಂದು. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ ನೋಡಿದರೆ ಕಾಂಪೋಸಿಟ್ ಎಷ್ಟು ಕಡಿಮೆ ಮಾಡಬೇಕು ಅಂತ ನಿಮಗೇ ಗೊತ್ತಾಗುತ್ತದೆ.