ಲಿವರ್ ಬಯಾಪ್ಸಿಯ ತುಣುಕು ಚಿಕ್ಕದಿದ್ದಾಗ ಯಾವ ಸ್ಟೇನ್ ಮೊದಲು?

ಸೂಜಿ ಬಯಾಪ್ಸಿಯ ಸಣ್ಣ ತುಣುಕಿನಲ್ಲಿ, ಗಡ್ಡೆ ಲಿವರಿನಲ್ಲೇ ಹುಟ್ಟಿದ್ದೋ ಬೇರೆಡೆಯಿಂದ ಹರಡಿದ್ದೋ ಹೇಳಲು ಯಾವ ಮಾರ್ಕರ್ (ಕೋಶದ ನಿರ್ದಿಷ್ಟ ಪ್ರೋಟೀನಿಗೆ ಆಂಟಿಬಾಡಿಯಿಂದ ಬಣ್ಣ ಹತ್ತಿಸುವ ಸ್ಟೇನ್) ಮೊದಲು ಹಾಕಬೇಕೆಂದು ಕೇಳಿದ್ದೀರಿ.

ಮಾರ್ಕರಿಗಿಂತ ಮುಂಚೆ ಬ್ಲಾಕ್ (ಅಂಗಾಂಶ ಕೂರಿಸಿದ ಮೇಣದ ತುಂಡು) ಉಳಿಸಿಕೊಳ್ಳಿ. ಪ್ರತಿ ಸಲ ಮೈಕ್ರೋಟೋಮಿಗೆ (ತೆಳುವಾಗಿ ಕತ್ತರಿಸುವ ಯಂತ್ರ) ಹಾಕಿ ಮಟ್ಟ ಮಾಡುವಾಗಲೇ ಒಂದಷ್ಟು ಅಂಗಾಂಶ ಹೋಗಿಬಿಡುತ್ತದೆ. ಎಚ್ ಅಂಡ್ ಇಗೆ (ಮೊದಲು ಹಾಕುವ ಸಾಮಾನ್ಯ ಸ್ಟೇನ್) ಕತ್ತರಿಸುವಾಗಲೇ 3–4 ಮೈಕ್ರಾನಿನ 8–10 ಸೆಕ್ಷನ್, ಅಂಗಾಂಶ ಕಳಚದಂತೆ ಹಿಡಿಯುವ ಚಾರ್ಜ್ಡ್ ಸ್ಲೈಡಿನ ಮೇಲೆ ತೆಗೆದಿಡಿ.

ಮೊದಲ ಸುತ್ತಿಗೆ ಆರ್ಜಿನೇಸ್-1 (ಲಿವರ್ ಕೋಶದ ಗುರುತು), ಸಿಕೆ7, ಸಿಕೆ20 (ಗಡ್ಡೆಯ ಮೂಲ ಹುಡುಕಲು ನೆರವಾಗುವ ಎರಡು ಕೆರಾಟಿನ್ ಪ್ರೋಟೀನುಗಳು) ಮೂರೇ ಸಾಕು. ಹೆಪ್‌ಪಾರ್-1 (ಲಿವರ್ ಕೋಶದ್ದೇ ಇನ್ನೊಂದು ಗುರುತು) ಬಿಟ್ಟು ಆರ್ಜಿನೇಸನ್ನೇ ಹಾಕಿ ಅನ್ನುವುದಕ್ಕೆ ಕಾರಣವಿದೆ: ಹೆಪಟೊಸೆಲ್ಯುಲರ್ ಕ್ಯಾನ್ಸರ್ (ಲಿವರ್ ಕೋಶದಲ್ಲೇ ಹುಟ್ಟಿದ್ದು) ಕೆಟ್ಟ ದರ್ಜೆಯದಾದಷ್ಟೂ ಹೆಪ್‌ಪಾರ್ ಕೈಕೊಡುತ್ತದೆ, ಸಾಲದ್ದಕ್ಕೆ ಜಠರದ ಕೆಲವು ಅಡಿನೊಕಾರ್ಸಿನೋಮಗಳಲ್ಲಿ (ಗ್ರಂಥಿ ಕೋಶದ ಕ್ಯಾನ್ಸರ್) ಬಣ್ಣ ತೋರಿಸುತ್ತದೆ. ಅಂಥ ಕೆಟ್ಟ ದರ್ಜೆಯ ಗಡ್ಡೆಯಲ್ಲಿ ಗ್ಲಿಪಿಕ್ಯಾನ್-3 ಎಂಬ ಮಾರ್ಕರ್ ಕೆಲಸಕ್ಕೆ ಬರುತ್ತದೆ, ಆದರೆ ಯೋಕ್ ಸ್ಯಾಕ್ ಗಡ್ಡೆಯಲ್ಲೂ (ಅಂಡಾಶಯ, ವೃಷಣಗಳಲ್ಲಿ ಬರುವಂಥದ್ದು) ಅದು ಪಾಸಿಟಿವ್.

ಎರಡನೇ ಸುತ್ತು ಮೊದಲನೆಯದು ತೋರಿಸಿದ ದಾರಿಯಲ್ಲಿ. ಸಿಕೆ20 ಪಾಸಿಟಿವ್, ಸಿಕೆ7 ನೆಗೆಟಿವ್ ಆದರೆ ಸಿಡಿಎಕ್ಸ್2, ಸ್ಯಾಟ್‌ಬಿ2 ಹಾಕಿ ದೊಡ್ಡಕರುಳು ನೋಡಿ. ಸಿಕೆ7 ಮಾತ್ರ ಬಂದರೆ ಶ್ವಾಸಕೋಶಕ್ಕೆ ಟಿಟಿಎಫ್-1, ಸ್ತನಕ್ಕೆ ಗಾಟಾ3. ಮೂರೂ ನೆಗೆಟಿವ್ ಆದರೆ ನ್ಯೂರೋಎಂಡೋಕ್ರೈನ್ ಗಡ್ಡೆಗೆ ಸಿನಾಪ್ಟೊಫಿಸಿನ್, ಮೆಲನೋಮಕ್ಕೆ ಸಾಕ್ಸ್10, ಮೂತ್ರಪಿಂಡಕ್ಕೆ ಪ್ಯಾಕ್ಸ್8 ಮರೆಯಬೇಡಿ.

ಎಡವುವುದು ಹೆಚ್ಚಾಗಿ ಬಣ್ಣ ಓದುವಲ್ಲಿ. ಟಿಟಿಎಫ್-1 ನ್ಯೂಕ್ಲಿಯಸ್ಸಿನಲ್ಲಿದ್ದರೆ ಮಾತ್ರ ಲೆಕ್ಕ. ಕೆಲವು ಕ್ಲೋನ್‌ಗಳು (ಅದರ ಆಂಟಿಬಾಡಿಯ ತಳಿಗಳು) ಲಿವರ್ ಕೋಶದ ಸೈಟೊಪ್ಲಾಸಮ್ಮಿಗೂ ಬಣ್ಣ ಹತ್ತಿಸುತ್ತವೆ. ಗಡ್ಡೆಯೊಳಗೆ ಸಿಕ್ಕಿಕೊಂಡ ಸಹಜ ಲಿವರ್ ಕೋಶಗಳ ಆರ್ಜಿನೇಸನ್ನು ಗಡ್ಡೆಯದೆಂದು ಬರೆದರೆ ಮುಗಿಯಿತು ಕಥೆ. (ಅದೇ ಕೋಶಗಳು ಪುಕ್ಕಟೆ ಕಂಟ್ರೋಲ್ ಕೂಡ: ಅವುಗಳಿಗೇ ಬಣ್ಣ ಬಾರದಿದ್ದರೆ ಸ್ಟೇನ್ ಕೆಟ್ಟಿದೆ.) ಲಿವರಿನಲ್ಲಿ ಬಯೋಟಿನ್ ಜಾಸ್ತಿ, ಅದಕ್ಕೇ ಸುಳ್ಳು ಬಣ್ಣ ಹತ್ತಬಹುದು, ಹಾಗಾಗಿ ಅವಿಡಿನ್-ಬಯೋಟಿನ್ ಕಿಟ್ ಬಿಟ್ಟು ಪಾಲಿಮರ್ ಕಿಟ್ ಬಳಸಿ. ಲಿಪೊಫಸ್ಸಿನ್ (ಲಿವರ್ ಕೋಶದ ಸಹಜ ವರ್ಣಕ) ಕೂಡ ಸ್ಟೇನಿನ ಬಣ್ಣವಾದ ಡಿಎಬಿಯ ಹಾಗೇ ಕಂದು. ವ್ಯತ್ಯಾಸ ತಿಳಿಯಲು ಪ್ರೈಮರಿ ಆಂಟಿಬಾಡಿ (ಪ್ರೋಟೀನನ್ನು ಗುರುತಿಸುವಂಥದ್ದು) ಹಾಕದ ಒಂದು ಸ್ಲೈಡ್ ಪಕ್ಕದಲ್ಲಿರಲಿ.

ಎರಡು ಕಡೆ ಸ್ಟೇನ್ ಕೈಚೆಲ್ಲುತ್ತದೆ. ಜಠರದ ಹೆಪಟಾಯ್ಡ್ (ಲಿವರ್ ಕೋಶದಂತೆ ಕಾಣುವ) ಕ್ಯಾನ್ಸರ್ ಲಿವರ್ ಮಾರ್ಕರುಗಳನ್ನೆಲ್ಲ ತೋರಿಸಬಲ್ಲದು, ಅಲ್ಲಿ ಎಂಡೋಸ್ಕೋಪಿಯೇ ಬೇಕು. ಲಿವರಿನೊಳಗಿನ ಪಿತ್ತನಾಳದ ಕ್ಯಾನ್ಸರ್, ಪ್ಯಾಂಕ್ರಿಯಾಸಿನಿಂದ ಹರಡಿದ್ದು ಇವೆರಡೂ ಸಿಕೆ7, ಸಿಕೆ19 ಪಾಸಿಟಿವ್. ಅಲ್ಬುಮಿನ್ ಇನ್ ಸಿಟು ಹೈಬ್ರಿಡೈಸೇಶನ್ (ಕೋಶದೊಳಗೆ ಅಲ್ಬುಮಿನ್ನಿನ ಆರ್ಎನ್ಎ ಹುಡುಕುವ ಪರೀಕ್ಷೆ) ಪಾಸಿಟಿವ್ ಬಂದರೆ ಲಿವರಿನ ಕಡೆ ವಾಲಬಹುದು. ಆ ಸೌಲಭ್ಯವಿಲ್ಲದಿದ್ದರೆ ‘ಪ್ಯಾಂಕ್ರಿಯಾಸ್ ಅಥವಾ ಪಿತ್ತನಾಳ ಮೂಲದ ಅಡಿನೊಕಾರ್ಸಿನೋಮ, ಸಿಟಿ ಜೊತೆ ಹೋಲಿಸಿ’ ಎಂದೇ ರಿಪೋರ್ಟಿನಲ್ಲಿ ಬರೆಯಿರಿ.