ತಾಲಿಬಾನ್ ಜೊತೆ ಮಾತನಾಡಿದರೆ ಒಪ್ಪಿಕೊಂಡಂತೆಯೇ?

ಪ್ರಶ್ನೆ: ಅಫ್ಗಾನಿಸ್ತಾನದಲ್ಲಿ ಆರನೇ ತರಗತಿಯ ನಂತರ ಹೆಣ್ಣುಮಕ್ಕಳು ಶಾಲೆಗೆ ಹೋಗುವಂತಿಲ್ಲ. ಇಂತಹ ನಿಷೇಧ ಹೇರಿದವರ ಜೊತೆ ಮಾತುಕತೆಗೆ ಕುಳಿತರೆ ಅವರಿಗೆ ಮಾನ್ಯತೆ ಕೊಟ್ಟಂತಾಗುವುದಿಲ್ಲವೇ? ಅದರಿಂದ ಪ್ರಯೋಜನವಾದರೂ ಇದೆಯೇ?
— ಶಿಕ್ಷಕಿ, ಧಾರವಾಡ

ಉತ್ತರ: ಮಾತನಾಡುವುದು ಬೇರೆ, ಮಾನ್ಯತೆ ನೀಡುವುದು ಬೇರೆ. ಆದರೆ ಯಾರನ್ನು ಹೊರಗಿಟ್ಟು ಮಾತನಾಡುತ್ತಿದ್ದೇವೆ ಎಂಬುದನ್ನು ಮರೆತರೆ ಆ ಅಂತರ ಉಳಿಯುವುದಿಲ್ಲ. 2024ರ ಜೂನ್ ಕೊನೆಯಲ್ಲಿ ವಿಶ್ವಸಂಸ್ಥೆ ದೋಹಾದಲ್ಲಿ ಕರೆದ ಸಭೆಗೆ ತಾಲಿಬಾನ್ ಪ್ರತಿನಿಧಿಗಳು ಬಂದರು. ಅವರೆದುರು ಕೂರಲು ಅಫ್ಗನ್ ಮಹಿಳೆಯರಿಗೆ ಅವಕಾಶವಿರಲಿಲ್ಲ, ಅವರನ್ನು ಪ್ರತ್ಯೇಕವಾಗಿ ಭೇಟಿಯಾಗಲಾಯಿತು. ಅದು ತಪ್ಪು ನಡೆ ಎಂದೇ ನನ್ನ ಅಭಿಪ್ರಾಯ.

ಇನ್ನು ಪ್ರಯೋಜನದ ಮಾತು. 2022ರ ಮಾರ್ಚ್ 23ರಂದು, ಶಿಕ್ಷಣ ಸಚಿವಾಲಯವೇ ಕರೆದಿದ್ದರಿಂದ ಪುಸ್ತಕ ಹಿಡಿದು ಪ್ರೌಢಶಾಲೆಗೆ ಬಂದ ಹುಡುಗಿಯರನ್ನು ಕೆಲವೇ ಗಂಟೆಗಳಲ್ಲಿ ಮನೆಗೆ ಕಳುಹಿಸಲಾಯಿತು. ಕಾಬೂಲಿನ ಸಚಿವರು ಏನೇ ಹೇಳಿದರೂ ಕೊನೆಯ ಮಾತು ಕಂದಹಾರದಲ್ಲಿರುವ ತಾಲಿಬಾನ್ ಸರ್ವೋಚ್ಚ ನಾಯಕ ಹಿಬತುಲ್ಲಾ ಅಖುಂದ್‌ಜಾದಾ ಅವರದು ಎಂಬುದು ಅಂದು ಸ್ಪಷ್ಟವಾಯಿತು. ಒಳಗೆ ಭಿನ್ನಮತವಿಲ್ಲವೆಂದಲ್ಲ: ಉಪ ವಿದೇಶಾಂಗ ಸಚಿವರಾಗಿದ್ದ ಶೇರ್ ಮೊಹಮ್ಮದ್ ಅಬ್ಬಾಸ್ ಸ್ತಾನಿಕ್ಜೈ 2025ರ ಜನವರಿಯಲ್ಲಿ ಈ ನಿಷೇಧಕ್ಕೆ ಶರಿಯತ್ತಿನಲ್ಲಿ ಆಧಾರವಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು, ಅದರ ಬೆನ್ನಿಗೇ ಅವರು ದೇಶ ಬಿಟ್ಟರೆಂದು ವರದಿಯಾಯಿತು. ಕಾಬೂಲಿನವರ ತಲೆದೂಗುವಿಕೆಯನ್ನೇ ಯಶಸ್ಸೆಂದು ಎಣಿಸುವ ರಾಜತಾಂತ್ರಿಕರು ಇದನ್ನು ನೆನಪಿನಲ್ಲಿಡಬೇಕು.

ಪಶ್ಚಿಮದ ರಾಜಧಾನಿಗಳಿಂದ ಬರುವ ಖಂಡನೆಯನ್ನು ಪರಕೀಯ ಮೌಲ್ಯವೆಂದು ತಳ್ಳಿಹಾಕುವುದು ತಾಲಿಬಾನ್ ನಾಯಕರಿಗೆ ಸುಲಭ. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲನ್ನೂ ಮಹಿಳೆಯರಿಗೆ ಮುಚ್ಚಿದಾಗ, ಅದು ಶರಿಯತ್ತಿಗೇ ವಿರುದ್ಧವೆಂದು ಈಜಿಪ್ಟಿನ ಇಸ್ಲಾಮಿಕ್ ವಿದ್ಯಾಪೀಠ ಅಲ್-ಅಜ್ಹರ್‌ನ ಮಹಾ ಇಮಾಮ್ ಅಹ್ಮದ್ ಅಲ್-ತಯ್ಯಿಬ್ ಆಡಿದ ಮಾತನ್ನು ಹಾಗೆ ತಳ್ಳುವುದು ಕಷ್ಟ. ಈ ದೃಷ್ಟಿಯಿಂದ ಭಾರತಕ್ಕೂ ಒಂದು ಬಾಗಿಲು ತೆರೆದಿದೆ. 2025ರ ಅಕ್ಟೋಬರಿನಲ್ಲಿ ಭಾರತಕ್ಕೆ ಬಂದ ತಾಲಿಬಾನ್ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದೇವಬಂದಿನ ಇಸ್ಲಾಮಿಕ್ ವಿದ್ಯಾಪೀಠ ದಾರುಲ್ ಉಲೂಮ್‌ಗೂ ಹೋಗಿದ್ದರು. ಅಲ್ಲಿನ ವಿದ್ವಾಂಸರು ಎತ್ತುವ ಪ್ರಶ್ನೆಗೆ ತಾಲಿಬಾನ್ ವಲಯದಲ್ಲಿ ಇರುವ ತೂಕ ನಮ್ಮ ವಿದೇಶಾಂಗ ಸಚಿವಾಲಯದ ಹೇಳಿಕೆಗೆ ಇರಲಾರದು.

ಎಲ್ಲವನ್ನೂ ಒಂದೇ ಬಾರಿ ಕೇಳುವ ಬದಲು, ನಾನಾದರೆ ಸೂಲಗಿತ್ತಿ ಮತ್ತು ದಾದಿಯರ ತರಬೇತಿಯಿಂದ ಆರಂಭಿಸುತ್ತೇನೆ. ಅದನ್ನೂ 2024ರ ಡಿಸೆಂಬರಿನಲ್ಲಿ ಮಹಿಳೆಯರಿಗೆ ನಿಲ್ಲಿಸಲಾಗಿದೆ. ಹೆಣ್ಣು ರೋಗಿಯನ್ನು ಹೆಣ್ಣೇ ನೋಡಬೇಕೆನ್ನುವವರು ಆ ಹೆಣ್ಣನ್ನು ತಯಾರು ಮಾಡುವ ತರಗತಿಗೆ ಬೀಗ ಹಾಕಿದರೆ ನಾಳೆ ಹೆರಿಗೆ ಮಾಡಿಸುವವರು ಯಾರು? ಈ ಪ್ರಶ್ನೆಗೆ ಅವರ ನಿಯಮದೊಳಗೇ ಉತ್ತರವಿಲ್ಲ. ಪಟ್ಟು ಹಿಡಿಯಬೇಕಾದದ್ದು ಇಲ್ಲಿಯೇ.